ಥ್ರೋಬಾಲ್ ಹುಡುಗಿಯರ ಫುಟ್‌ಬಾಲ್ ಸೀಸನ್ನು

ಚನ್ನಪಟ್ಟಣದ ಒಂದು ಮಹಿಳಾ ಕಾಲೇಜಿನ ಆಫೀಸಿನಲ್ಲಿ ಅನಂತರಾಜು ಎಂಬ ಗುಮಾಸ್ತ ಇದ್ದಾನೆ. ಕಾಲೇಜಿನ ಹೆಸರು ಬೇಡ. ಪ್ರಿನ್ಸಿಪಾಲರಿಗೆ ಗೊತ್ತಾದರೆ, ಕಥೆಯಲ್ಲಿ ನಮ್ಮ ಕಾಲೇಜು ಬಂತು ಅಂತ ಅದಕ್ಕೂ ಒಂದು ಬ್ಯಾನರ್ ಕಟ್ಟಿಸಿ ಸಮಾರಂಭ ಮಾಡುತ್ತಾರೆ. ಅನಂತರಾಜುವಿಗೆ ನಲವತ್ತೇಳು ವರ್ಷ, ಇಸ್ತ್ರಿ ಮಾಡಿದ ಅಂಗಿ, ಕಪ್ಪು ಮಾಡಿದ ಮೀಸೆ. ಓದುವುದಕ್ಕೆ ಕನ್ನಡಕ ಬೇಕೇ ಬೇಕು. ಆದರೆ ಆ ಕನ್ನಡಕ ಮನೆಯಲ್ಲಿ ಟೀವಿಯ ಪಕ್ಕ ಇರುತ್ತದೆ, ಕಾಲೇಜಿನ ಮೆಟ್ಟಿಲು ಹತ್ತಿದ್ದೇ ಇಲ್ಲ. ಕನ್ನಡಕ ಹಾಕಿದ ಗಂಡಸನ್ನು ಹುಡುಗಿಯರು 'ಅಂಕಲ್' ಅನ್ನುತ್ತಾರೆ, ಹಾಕದವನನ್ನು 'ಸಾರ್' ಅನ್ನುತ್ತಾರೆ ಎಂಬುದು ಅವನು ಬಹಳ ವರ್ಷಗಳ ಸೇವೆಯಲ್ಲಿ ಕಂಡುಕೊಂಡ ಸತ್ಯ.

ಅವನು ಸುಳ್ಳು ಹೇಳುವವನಲ್ಲ, ಇದನ್ನೂ ಮೊದಲೇ ಹೇಳಿಬಿಡಬೇಕು. ಅವನ ಅಭ್ಯಾಸವೇ ಬೇರೆ. ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಕಿಟಕಿಯಾಚೆ ನೋಡಿ, ಸಣ್ಣಗೆ ಕೆಮ್ಮುತ್ತಾನೆ. ಉಳಿದರ್ಧವನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ಅವರು ಏನು ತುಂಬಿಕೊಂಡರು ಎಂಬುದಕ್ಕೆ ಅನಂತರಾಜು ಜವಾಬ್ದಾರನಲ್ಲ.

ಆಗಸ್ಟ್ ತಿಂಗಳಲ್ಲಿ ವಿಶ್ವವಿದ್ಯಾಲಯದ ಆಟಗಳಿಗೆ ಹೆಸರು ಕೊಡುವ ಕೊನೆಯ ದಿನ ಬಂತು. ಕಾಲೇಜಿನಲ್ಲಿ ಪೀಟಿ ಮೇಷ್ಟರ ಹುದ್ದೆ ಮೂರು ವರ್ಷದಿಂದ ಖಾಲಿ, ಆ ಕಾಗದಪತ್ರವೆಲ್ಲ ಅನಂತರಾಜುವಿನ ಮೇಜಿಗೇ ಬರುತ್ತಿತ್ತು. ಕಷ್ಟದ ಕೆಲಸವೇನಲ್ಲ. ಕಾಲೇಜು ಆಡುತ್ತಿದ್ದದ್ದು ಒಂದೇ ಆಟ, ಥ್ರೋಬಾಲ್. ಪ್ರತಿವರ್ಷ ಅದನ್ನೇ ಬರೆದು ಕಳಿಸಿದರಾಯಿತು. ಈ ಸಲ ಬರೆಯುವುದೂ ಇಲ್ಲ, ಕಂಪ್ಯೂಟರಿನಲ್ಲಿ ಪಟ್ಟಿ ತೆರೆದು ಒತ್ತಬೇಕು. ಪಟ್ಟಿಯ ಅಕ್ಷರಗಳು ಇರುವೆ ಸಾಲಿನಂತೆ ಕಂಡವು. ಹೊಸದಾಗಿ ಬಂದ ಅತಿಥಿ ಉಪನ್ಯಾಸಕಿಯೊಬ್ಬರು ಯಾವುದೋ ಸಹಿಗಾಗಿ ಪಕ್ಕದಲ್ಲೇ ನಿಂತಿದ್ದರು. ಕಣ್ಣು ಕಿರಿದು ಮಾಡಿದರೆ ವಯಸ್ಸು ಗೊತ್ತಾಗುತ್ತದೆ. ಅನಂತರಾಜು ಕಿರಿದು ಮಾಡಲಿಲ್ಲ. ಕೊನೆಯಲ್ಲಿ 'ಬಾಲ್' ಅಂತ ಕಂಡದ್ದನ್ನು ಠೀವಿಯಿಂದ ಒತ್ತಿದ. 'ಖಚಿತವೇ?' ಎಂದು ಕಂಪ್ಯೂಟರ್ ಕೇಳಿತು. ಖಚಿತ ಎಂದೂ ಒತ್ತಿದ.

ಹತ್ತು ದಿನಕ್ಕೆ ಪ್ರಿನ್ಸಿಪಾಲ್ ಬೋರಲಿಂಗಯ್ಯನವರು ಕೈಯಲ್ಲಿ ಕಾಗದ ಹಿಡಿದು ಆಫೀಸಿಗೇ ಬಂದರು. ಹಾಜರಿ ಹಾಕಲು ಬಂದ ಐದಾರು ಉಪನ್ಯಾಸಕರು ಅಲ್ಲೇ ಇದ್ದರು.

"ಏನ್ರೀ ಅನಂತರಾಜು, ಮಹಿಳಾ ಫುಟ್‌ಬಾಲ್ ಲೀಗ್ ಅಂತೆ. ಮಾಗಡಿ, ಕನಕಪುರ, ರಾಮನಗರ, ಬಿಡದಿ, ನಾವು. ನಾವ್ಯಾವಾಗ ಫುಟ್‌ಬಾಲ್ ಆಡಿದ್ವಿ?"

ಅನಂತರಾಜು ಕಾಗದ ಇಸಕೊಂಡು ದೂರ ಹಿಡಿದು ನೋಡಿದ. ಮಹಿಳಾ ಫುಟ್‌ಬಾಲ್. ಕೆಳಗೆ ಇನ್ನೊಂದು ಸಾಲು: ಹೆಸರು ಕೊಟ್ಟು ಹಿಂದೆ ಸರಿದ ಕಾಲೇಜಿಗೆ ಎರಡು ವರ್ಷ ಯಾವ ಆಟಕ್ಕೂ ಪ್ರವೇಶವಿಲ್ಲ. 'ತಪ್ಪಾಯ್ತು ಸಾರ್' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ. ಉಪನ್ಯಾಸಕರೆಲ್ಲ ತಿರುಗಿ ನೋಡಿದ್ದರಿಂದ ಅದು ಒಳಗೇ ಹೋಯಿತು.

"ಬೇಕಂತ್ಲೇ ಹಾಕ್ದೆ ಸಾರ್. ಎಷ್ಟು ವರ್ಷ ಅಂತ ಥ್ರೋಬಾಲೇ ಆಡೋದು?"

"ಹೇಳಿಕೊಡೋರು ಯಾರ್ರೀ?"

"ಮೈಸೂರಲ್ಲಿ ಓದೋವಾಗ ಸಾರ್, ನಾನು, ಗೋಲ್ ಪೋಸ್ಟು..." ಎಂದು ನಿಲ್ಲಿಸಿ, ಕಿಟಕಿಯಾಚೆ ನೋಡಿ ಕೆಮ್ಮಿದ.

ಬೋರಲಿಂಗಯ್ಯನವರ ಕಣ್ಣು ಅಗಲವಾಯಿತು. "ಇಷ್ಟು ವರ್ಷ ಬಾಯೇ ಬಿಡಲಿಲ್ವಲ್ರೀ!"

ಅನಂತರಾಜು ಇದ್ದ ಮೈಸೂರಿನ ಹಾಸ್ಟೆಲಿನ ಹಿಂದೆ ಒಂದು ಮೈದಾನವಿತ್ತು, ಮೈದಾನದಲ್ಲಿ ಗೋಲ್ ಪೋಸ್ಟೂ ಇತ್ತು. ಮೂರು ವರ್ಷ ಅದರ ಮೇಲೆ ಅವನು ಪಂಚೆ ಒಣಗಿಸಿದ್ದ. ಆಟಗಾರರು ಬಂದರೆ ಪಂಚೆ ಎಳೆದುಕೊಂಡು ಓಡುತ್ತಿದ್ದ. ಅವನ ಫುಟ್‌ಬಾಲ್ ಜೀವನ ಇಷ್ಟೇ. ಆದರೆ ಕಾಫಿ ಹೊತ್ತಿಗೆ ಅವನು ಹಾಸ್ಟೆಲ್ ತಂಡದ ಗೋಲ್‌ಕೀಪರ್ ಆಗಿದ್ದ. ಊಟದ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ಆಡಿದ್ದ. ಸಂಜೆ ಗೇಟಿನ ಹತ್ತಿರ ಅಟೆಂಡರ್ ಮುಜೀಬ್ ಎದ್ದು ನಿಂತು, "ಸಾರ್, ಸ್ಟೇಟ್ ಪ್ಲೇಯರ್ ಅಂತೆ, ಒಂದು ಫೋಟೋ ಸಾರ್," ಎಂದು ಮೊಬೈಲ್ ತೆಗೆದ.

ಥ್ರೋಬಾಲ್ ಹುಡುಗಿಯರು ಹನ್ನೆರಡು ಜನ. ಕ್ಯಾಪ್ಟನ್ ಶ್ವೇತ, ಕಬ್ಬಾಳಿನ ರೈತರ ಮಗಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹೋದ ವರ್ಷ ಥ್ರೋಬಾಲ್ ಫೈನಲಿನಲ್ಲಿ ಎರಡೇ ಪಾಯಿಂಟಿಗೆ ಸೋತು, ಬಸ್ಸಿನ ಕೊನೇ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಬಂದವಳು. ಈ ವರ್ಷ ಗೆದ್ದೇ ತೀರುತ್ತೇನೆ ಅಂತ ರಜೆಯಲ್ಲೂ ಕೊಟ್ಟಿಗೆ ಗೋಡೆಗೆ ಚೆಂಡು ಎಸೆದು ಅಭ್ಯಾಸ ಮಾಡಿದ್ದಳು. ಸುದ್ದಿ ಕೇಳಿ ನೇರ ಆಫೀಸಿಗೆ ಬಂದಳು.

"ನಮ್ ಥ್ರೋಬಾಲ್ ಯಾಕ್ ಕಿತ್ಕೊಂಡ್ರಿ ಸಾರ್?"

"ದೊಡ್ಡ ಯೋಜನೆ ಐತೆ ಕಣಮ್ಮ..."

"ಯೋಜ್ನೆ ನಿಮ್ಗಿರ್ಲಿ. ನಮ್ಗೆ ಇದು ಕೊನೇ ವರ್ಸ," ಎಂದಳು, ಹೊರಟುಹೋದಳು. ಆವತ್ತು ಅನಂತರಾಜು ಡಬ್ಬಿಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟ.

ಫುಟ್‌ಬಾಲಿನಲ್ಲಿ ಅವನಿಗೆ ಖಚಿತವಾಗಿ ಗೊತ್ತಿದ್ದ ನಿಯಮ ಒಂದೇ. ಅದನ್ನೇ ಎರಡು ವಾರ ಹೇಳಿಕೊಟ್ಟ. "ಯಾರೂ ಚೆಂಡನ್ನ ಕೈಲಿ ಮುಟ್ಟಬಾರದು. ಯಾರೂ ಅಂದ್ರೆ ಯಾರೂ!"

ಮೊದಲ ಮ್ಯಾಚು ಮಾಗಡಿಯಲ್ಲಿ. ಆಟ ಶುರುವಾಗಿ ಅರ್ಧ ನಿಮಿಷಕ್ಕೆ ಚೆಂಡು ಎತ್ತರಕ್ಕೆ ಹಾರಿ ಶ್ವೇತಳ ಕಡೆ ಬಂತು. ಏಳು ವರ್ಷದಿಂದ ಹಾರಿ ಬಂದ ಚೆಂಡನ್ನು ಹಿಡಿದೇ ಅಭ್ಯಾಸವಾದ ಹುಡುಗಿ ಅವಳು. ನೆಗೆದು, ಎರಡು ಕೈಯಲ್ಲಿ ಹಣ್ಣು ಕಿತ್ತಂತೆ ಹಿಡಿದಳು. "ಸೂಪರ್ ಕ್ಯಾಚ್!" ಎಂದು ಚನ್ನಪಟ್ಟಣದ ತಂಡವೆಲ್ಲ ಚಪ್ಪಾಳೆ ತಟ್ಟಿತು. ರೆಫರಿ ಸೀಟಿ ಊದಿದ. ಮತ್ತೆ ಆಟ ಶುರುವಾಯಿತು, ಇನ್ನೊಬ್ಬಳು ಹಿಡಿದಳು, ಮತ್ತೆ ಸೀಟಿ. ಹೀಗೆ ಹತ್ತು ಹುಡುಗಿಯರೂ ಒಬ್ಬರಾದ ಮೇಲೊಬ್ಬರು ಸೊಗಸಾಗಿ ಕ್ಯಾಚ್ ಹಿಡಿದರು. ಅನಂತರಾಜು ಹೇಳಿಕೊಟ್ಟದ್ದನ್ನು ಅಕ್ಷರಶಃ ಪಾಲಿಸಿದವಳು ಒಬ್ಬಳೇ, ಅಸ್ರಾ. ಅವಳು ಗೋಲ್‌ಕೀಪರ್. ಎದೆಗೆ ನೇರವಾಗಿ ಬಂದ ಚೆಂಡಿಗೂ ಅವಳು ಕೈ ಎತ್ತಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬರೀ ಕಾಲಲ್ಲಿ ತಡೆಯಲು ನೋಡಿದಳು.

ಹನ್ನೊಂದು ಸೊನ್ನೆ. ಮಾಗಡಿಯವರೇ ಕೊನೆಗೆ ಪಾಪ ಅನಿಸಿ ಕಾಲು ಬಿಗಿಹಿಡಿದು ಆಡಿದರು.

ಮರುದಿನ ಬೋರಲಿಂಗಯ್ಯನವರು ಕರೆಸಿದರು. "ಹನ್ನೊಂದು ಯಾಕ್ರೀ ಆಯ್ತು?"

"ಮೊದಲನೇ ಮ್ಯಾಚು ಸಾರ್. ಎದುರಾಳಿ ಏನು, ಎತ್ತ ಅಂತ..." ಕೆಮ್ಮು.

"ಅಳೆದು ನೋಡಿದ್ರಿ! ಆಹಾ! ಹಾಗಾದ್ರೆ ಒಂದು ಕೆಲಸ ಮಾಡಿ. ಹುಡುಗೀರಿಗೆ ಹುರುಪು ಬರ್ಲಿ, ನಾಳೆ ಎಲ್ಲರ ಮುಂದೆ ನೀವೇ ನಾಲ್ಕು ಸಲ ಒದ್ದು ತೋರಿಸಿ."

"ಮಂಡಿ ಸಾರ್..." ಎಂದ ಅನಂತರಾಜು. ಕೆಮ್ಮುವ ಅಗತ್ಯವೂ ಬೀಳಲಿಲ್ಲ.

ಆವತ್ತಿನಿಂದ ಅವನಿಗೆ ಮಂಡಿ ನೋವು. ರಾಜ್ಯ ಮಟ್ಟದ ಪಂದ್ಯದಲ್ಲಿ ಬಿದ್ದ ಹಳೇ ಪೆಟ್ಟು ಎಂದು ಇತಿಹಾಸ ವಿಭಾಗದವರು ನಿಖರವಾಗಿ ಹೇಳುತ್ತಿದ್ದರು. ಉಪನ್ಯಾಸಕಿಯರು ಮೂರು ಬಗೆಯ ಎಣ್ಣೆ ತಂದುಕೊಟ್ಟರು. ಕಾಲೇಜಿನಲ್ಲಿ ಕುಂಟಲೇಬೇಕಾಯಿತು. ಕುಂಟಿ ಕುಂಟಿ ಅಭ್ಯಾಸವಾಗಿ ಮನೆಯಲ್ಲೂ ಕುಂಟಿದ. ಎಣ್ಣೆ ತಿಕ್ಕಲು ಕೂತ ಹೆಂಡತಿ ಚೆಲುವಾಂಬ ಕೈ ನಿಲ್ಲಿಸಿ ಕೇಳಿದಳು, "ರೀ, ನಿನ್ನೆ ಬಲಗಾಲಿತ್ತಲ್ಲ?"

ಭಾನುವಾರ ಬೆಳಗ್ಗೆ ಮನೆ ಮುಂದೆ ಸ್ಕೂಟರ್ ನಿಂತ ಸದ್ದಾಯಿತು. ಅಸ್ರಾ ಇಳಿದಳು, ಅವಳ ಜೊತೆ ಅವಳಪ್ಪ ಸಮೀವುಲ್ಲಾ. ಮೂವತ್ತು ವರ್ಷದಿಂದ ಬೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವ ಮನುಷ್ಯ, ಉಗುರಿನ ಸಂದಿಯಲ್ಲಿ ಕೆಂಪು, ಹಳದಿ ಅರಗು. ಅನಂತರಾಜುವಿನ ಎದೆ ಧಸಕ್ಕೆಂದಿತು. ಮಗಳನ್ನು ಆಟದಿಂದ ಬಿಡಿಸಲು ಬಂದಿದ್ದಾನೆ, ಇನ್ನೇನು! ಇವಳೊಬ್ಬಳು ಹೋದರೆ ಉಳಿಯುವುದು ಹನ್ನೊಂದೇ. ಬಂದವರು ಕೂರುವ ಮೊದಲೇ ಭಾಷಣ ಶುರುಮಾಡಿದ.

"ನೋಡಿ ಸಾಹೇಬ್ರೇ, ಕಾಲ ಬದಲಾಗಿದೆ. ಇವತ್ತು ಹೆಣ್ಣುಮಕ್ಕಳು ವಿಮಾನ ಓಡಿಸ್ತಾರೆ, ಜಿಲ್ಲೆ ಆಳ್ತಾರೆ..."

ಇಪ್ಪತ್ತು ನಿಮಿಷ ಮಾತಾಡಿದ. ಚೆಲುವಾಂಬ ತಂದಿಟ್ಟ ಕಾಫಿ ತಣ್ಣಗಾಯಿತು. ಸಮೀವುಲ್ಲಾ ಪ್ರತಿಯೊಂದಕ್ಕೂ ತಲೆದೂಗಿದ. ಅಸ್ರಾ ಬೇಸತ್ತು ಅಡುಗೆಮನೆಗೆ ಹೋಗಿ ಚೆಲುವಾಂಬಳ ಜೊತೆ ಅವರೆಕಾಯಿ ಬಿಡಿಸಲು ಕೂತಳು.

"ಭಾಳ ಚೆನ್ನಾಗಿ ಹೇಳಿದ್ರಿ ಸಾರ್," ಎಂದ ಸಮೀವುಲ್ಲಾ ಕೊನೆಗೆ. "ನಾನು ಕೇಳಕ್ಕೆ ಬಂದಿದ್ದು ಒಂದೇ ಮಾತು. ನಮ್ ಅಸ್ರಾ ಗೋಲ್‌ಕೀಪರ್. ಚೆಂಡು ಕೈಲಿ ಹಿಡೀಬಾರ್ದು ಅಂತ ಅವಳಿಗೆ ಯಾಕೆ ಹೇಳಿದ್ರಿ?"

ಅನಂತರಾಜು ಗಂಟಲು ಸರಿಮಾಡಿಕೊಂಡ. "ಈಗಿನ ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಅನ್ನೋಳು..." ಎಂದು ನಿಲ್ಲಿಸಿ ಕಿಟಕಿಯಾಚೆ ನೋಡಿದ. ಕೆಮ್ಮಿದ.

ಸಮೀವುಲ್ಲಾ ಕಾಯುತ್ತಾ ಕೂತ.

ಅನಂತರಾಜು ಮತ್ತೊಂದು ಸಲ ಕೆಮ್ಮಿದ. ಸಮೀವುಲ್ಲಾ ತಲೆಯನ್ನು ಕೊಂಚ ವಾಲಿಸಿ, ಮರ್ಯಾದೆಯಿಂದ, ಮುಂದಿನ ಮಾತಿಗಾಗಿ ಕಾದೇ ಕಾದ. ಇಂಥ ಮನುಷ್ಯ ಅನಂತರಾಜುವಿಗೆ ಈವರೆಗೆ ಸಿಕ್ಕಿರಲಿಲ್ಲ. ಗೋಡೆ ಗಡಿಯಾರ ಟಿಕ್ ಟಿಕ್ ಅಂದಿತು. ಅಡುಗೆಮನೆ ಬಾಗಿಲಲ್ಲಿ ಚೆಲುವಾಂಬಳೂ ಬಂದು ನಿಂತಳು. ಅವಳು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದವಳು.

"ನನಗೆ ಫುಟ್‌ಬಾಲ್ ಬರಲ್ಲ ಸಾಹೇಬ್ರೇ," ಎಂದ ಅನಂತರಾಜು.

ಸಮೀವುಲ್ಲಾ ನಕ್ಕ ನಗುವಿಗೆ ತಣ್ಣಗಾದ ಕಾಫಿ ತುಳುಕಿತು. "ಗೊತ್ತಾಯ್ತು ಸಾರ್. ಮಾಗಡಿಯಿಂದ ಬಂದ ದಿನಾನೇ ಹುಡುಗೀರಿಗೆಲ್ಲ ಗೊತ್ತಾಯ್ತು. ನಾನು ವಯಸ್ಸಲ್ಲಿ ನಮ್ಮ ಮೊಹಲ್ಲಾ ಟೀಮಲ್ಲಿ ಬರಿಗಾಲಲ್ಲಿ ಆಡ್ತಿದ್ದೆ. ಆಮೇಲೆ ಮಂಡಿ ಹೋಯ್ತು. ನಿಮ್ದು ಯಾವ ಮಂಡಿ?"

"ಎಡ. ಅಲ್ಲ, ಬಲ."

"ನಂದು ಎರಡೂ. ಒಂದು ಕುರ್ಚಿ ಹಾಕಿಸಿ ಸಾರ್. ನಾನು ಕೂತು ಹೇಳ್ತೀನಿ, ನೀವು ನಿಂತು ಕೂಗಿ."

ಹೀಗೆ ಒಪ್ಪಂದವಾಯಿತು. ಆದರೆ ಪಟ್ಟಿಯಲ್ಲಿ ತಪ್ಪು ಒತ್ತಿದ ವಿಷಯವನ್ನು ಅನಂತರಾಜು ಸಮೀವುಲ್ಲಾನಿಗೂ ಹೇಳಲಿಲ್ಲ. ಶ್ವೇತ ಮೈದಾನದಲ್ಲಿ ಎದುರಾದಾಗಲೆಲ್ಲ ಶೂ ಲೇಸು ಕಟ್ಟುವವನಂತೆ ಬಗ್ಗುತ್ತಿದ್ದ. ಅವನು ಹಾಕುತ್ತಿದ್ದದ್ದು ಚಪ್ಪಲಿ.

ಮರುದಿನ ಬೆಳಗ್ಗೆ ಆರಕ್ಕೆ ಸಮೀವುಲ್ಲಾ ಒಂದು ಮೂಟೆ ಹೊತ್ತು ತಂದ. ಬಣ್ಣ ಸರಿಯಿಲ್ಲವೆಂದು ಕಾರ್ಖಾನೆಯಲ್ಲಿ ಬದಿಗಿಟ್ಟಿದ್ದ ಮರದ ಗಿಲಕಿಗಳು. ಅಸ್ರಾಳನ್ನು ಬಿಟ್ಟು ಉಳಿದ ಹನ್ನೊಂದು ಹುಡುಗಿಯರಿಗೂ ಕೈಗೊಂದರಂತೆ ಎರಡೆರಡು ಕೊಟ್ಟ. "ಇದನ್ನ ಹಿಡ್ಕೊಂಡೇ ಆಡಿ. ಗಿಲಕಿ ಬಿತ್ತು ಅಂದ್ರೆ ಚೆಂಡಿಗೆ ಕೈ ಹೋಯ್ತು ಅಂತ." ಹನ್ನೊಂದು ಜನ ಓಡಿದರು. ಇಪ್ಪತ್ತೆರಡು ಗಿಲಕಿಗಳ ಸದ್ದಿಗೆ ಸುತ್ತಲಿನ ಮನೆಗಳಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದು ಕೂತವು. ವಾಕಿಂಗ್ ಬಂದ ಹಿರಿಯರು ವಾಕಿಂಗ್ ಬಿಟ್ಟು ಬೇಲಿ ಹತ್ತಿರ ನಿಂತರು. ಮೂರನೇ ದಿನ ಪಕ್ಕದ ಮನೆಯ ಹಮೀದಾ ಕಾಂಪೌಂಡಿನ ಮೇಲಿಂದ ಬಗ್ಗಿ ಚೆಲುವಾಂಬಳನ್ನು ಕನಿಕರದಿಂದ ಕೇಳಿದಳು, "ಅಕ್ಕಾ, ನಿಮ್ ಯಜಮಾನ್ರನ್ನ ಆಫೀಸಿಂದ ತೆಗೆದು ಮಕ್ಕಳು ಆಡ್ಸೋ ಕೆಲ್ಸಕ್ಕೆ ಹಾಕವ್ರಂತೆ, ಹೌದಾ?"

ಮೊದಲ ವಾರ ಮೈದಾನದ ತುಂಬ ಗಿಲಕಿ ಬಿದ್ದಿರುತ್ತಿದ್ದವು. ಎರಡನೇ ವಾರ ಬೀಳುವುದು ನಿಂತಿತು.

ಎರಡನೇ ಮ್ಯಾಚು ಕನಕಪುರದಲ್ಲಿ. ಕಬ್ಬಾಳಿನಿಂದ ಶ್ವೇತಳ ಅಜ್ಜಿ ಬೈರಮ್ಮ ಮೊಮ್ಮಗಳ ಆಟ ನೋಡಲು ಛತ್ರಿ ಹಿಡಿದು ಬಂದಿದ್ದರು. ಸೆರಗಿನ ಗಂಟಿನಲ್ಲಿ ಕಬ್ಬಾಳಮ್ಮನ ಕುಂಕುಮ.

"ಮೇಷ್ಟ್ರೇ, ಯಾವ ಮಂಡಿ?"

ಅನಂತರಾಜು ಆವತ್ತಿನ ಮಂಡಿಯನ್ನು ತೋರಿಸಿದ. ಬೈರಮ್ಮ ಪ್ಯಾಂಟಿನ ಮೇಲೇ ಕುಂಕುಮ ಬಳಿದು, ಕಣ್ಣು ಮುಚ್ಚಿ, "ತಾಯಿ, ಈ ಬಡಪಾಯಿ ಕಾಲು ನೆಟ್ಟಗೆ ಮಾಡವ್ವ," ಎಂದು ಬೇಡಿಕೊಂಡರು. ಕಾಲೇಜಿನ ಕಾರಿನಲ್ಲಿ ಬಂದಿದ್ದ ಬೋರಲಿಂಗಯ್ಯನವರು ಫೋಟೋ ತೆಗೆದರು.

ಆಟ ಶುರುವಾಯಿತು. ಈ ಸಲ ಯಾರೂ ಚೆಂಡು ಹಿಡಿಯಲಿಲ್ಲ. ಆದರೆ ಶ್ವೇತ ಚೆಂಡಿನ ಹಿಂದೆ ಓಡಿದಾಗಲೆಲ್ಲ ರೆಫರಿ ಆಫ್‌ಸೈಡ್ ಎಂದು ಸೀಟಿ ಊದುತ್ತಿದ್ದ. ಬೈರಮ್ಮ ಎರಡು ಸಲ ಸುಮ್ಮನಿದ್ದರು. ಮೂರನೇ ಸಲಕ್ಕೆ ಛತ್ರಿ ಮಡಿಸಿ ಮೈದಾನದೊಳಗೆ ನಡೆದರು.

"ಏನ್ಲಾ! ನಾನೂ ನೋಡ್ತಾವ್ನಿ, ನಮ್ ಮಗ ಅತ್ಲಾಗ್ ಓಡುದ್ರೂ ಸೀಟಿ, ಇತ್ಲಾಗ್ ಓಡುದ್ರೂ ಸೀಟಿ! ನಿಂಗೆ ಅಕ್ಕ ತಂಗೀರಿಲ್ವೇನ್ಲಾ?"

ರೆಫರಿ ರಾಮನಗರದ ಸಂಭಾವಿತ ಮನುಷ್ಯ. ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹಿಂದೆ ಹಿಂದೆ ನಡೆದ. ಅನಂತರಾಜುವೂ ಮುಜೀಬನೂ ಸೇರಿ ಬೈರಮ್ಮನವರನ್ನು ಸಮಾಧಾನ ಮಾಡಿ ಈಚೆ ಕರೆತರುವಷ್ಟರಲ್ಲಿ ಏಳು ನಿಮಿಷವಾಯಿತು.

ಕನಕಪುರದವರು ಐದು ಗೋಲು ಹೊಡೆದರು. ಕೈಗೆ ಸ್ವಾತಂತ್ರ್ಯ ಸಿಕ್ಕ ಅಸ್ರಾ ಇನ್ನೊಂದು ಹತ್ತು ಹಿಡಿದಳು. ಕೊನೆಯಲ್ಲಿ ಒಂದು ಸಂಗತಿ ನಡೆಯಿತು. ಚೆಂಡು ಗೆರೆ ದಾಟಿ ಹೊರಗೆ ಹೋಗಿ, ಚನ್ನಪಟ್ಟಣಕ್ಕೆ ಥ್ರೋ-ಇನ್ ಸಿಕ್ಕಿತು. ಎಸೆಯುವುದು ಎಂದ ತಕ್ಷಣ ಶ್ವೇತಳ ಮುಖದಲ್ಲಿ ಬೆಳಕು ಬಂತು. ಎರಡೂ ಕೈಯಲ್ಲಿ ತಲೆಯ ಹಿಂದಿನಿಂದ ಬೀಸಿ ಎಸೆದಳು. ಚೆಂಡು ಎಲ್ಲರ ತಲೆ ಮೇಲೆ ಹಾರಿ, ಗೋಲ್‌ಕೀಪರಳ ಮುಂದೆ ಒಂದು ಸಲ ಪುಟಿದು, ನೇರ ಬಲೆಯೊಳಗೆ ಬಿತ್ತು.

"ಗೋಲ್!" ಎಂದು ಅರಚಿ ಅನಂತರಾಜು ಮೈದಾನದೊಳಗೆ ಓಡಿದ. ಎಡಗಾಲು ಬಲಗಾಲು ಎರಡೂ ಚಿಗರೆಯಂತೆ ನೆಗೆಯುತ್ತಿದ್ದವು. ಮಧ್ಯದ ಗೆರೆಯವರೆಗೆ ಹೋದ ಮೇಲೆ ಮಂಡಿಯ ನೆನಪು ಬಂತು. ನಿಂತ. ತಿರುಗಿ ನೋಡಿದ. ಬೋರಲಿಂಗಯ್ಯನವರು ಬಾಯಿ ತೆರೆದು ನೋಡುತ್ತಿದ್ದರು.

"ತಾಯೀ!" ಎಂದು ಬೈರಮ್ಮ ಕೈ ಜೋಡಿಸಿದರು. "ಕಾಲು ಬಂದ್ಬುಟ್ವು! ಮೇಷ್ಟ್ರಿಗೆ ಕಾಲು ಬಂದ್ಬುಟ್ವು!"

ಥ್ರೋ-ಇನ್ ನೇರವಾಗಿ ಬಲೆಗೆ ಹೋದರೆ ಗೋಲ್ ಅಲ್ಲ ಎಂದು ರೆಫರಿ ಹೇಳಿದ್ದನ್ನು ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಸಮೀವುಲ್ಲಾ ಮಾತ್ರ ಕುರ್ಚಿಯಲ್ಲಿ ಕೂತು ಗಡ್ಡ ನೀವಿಕೊಂಡ. "ಯಾರಿಗಾದ್ರೂ ಒಸಿ ತಗುಲಿ ಒಳಗೋದ್ರೆ ಗೋಲೇ," ಎಂದು ತನಗೇ ಹೇಳಿಕೊಂಡ.

ರಾಮನಗರದಲ್ಲಿ ಒಂದು ಸೊನ್ನೆಗೆ ಸೋತರು. ಹುಡುಗಿಯರು ಬಸ್ಸಿನಲ್ಲಿ ಹಾಡಿಕೊಂಡು ಬಂದರು, ಒಂದೇ ಅಲ್ಲವೇ ಸಾರ್ ಎಂದರು. ಶ್ವೇತಳೂ ಹಾಡಿದಳು. ಅನಂತರಾಜುವಿಗೆ ಅದನ್ನು ಕೇಳಿ ಸುಖವಾಯಿತು, ಆದರೆ ಅವಳು ಹಿಂದೆ ತಿರುಗಿದಾಗ ಮತ್ತೆ ಚಪ್ಪಲಿಯ ಲೇಸಿಗೆ ಬಗ್ಗಿದ.

ಕೊನೆಯ ಮ್ಯಾಚು ಬಿಡದಿಯವರ ಮೇಲೆ, ಚನ್ನಪಟ್ಟಣದಲ್ಲೇ. ಬೋರಲಿಂಗಯ್ಯನವರು ಮೈದಾನ ತುಂಬಿಸಿದ್ದರು. ಗೇಟಿನ ಮೇಲೆ ಆಳೆತ್ತರದ ಬ್ಯಾನರ್. ಅದರಲ್ಲಿ ಕನಕಪುರದ ಮೈದಾನದಲ್ಲಿ ಎರಡೂ ಕಾಲು ಗಾಳಿಯಲ್ಲಿರುವ ಅನಂತರಾಜು, ಕೆಳಗೆ ದಪ್ಪ ಅಕ್ಷರ: 'ಕಬ್ಬಾಳಮ್ಮನ ಕೃಪೆಯಿಂದ ಮರಳಿ ಮೈದಾನಕ್ಕೆ! ಮಾಜಿ ರಾಜ್ಯ ಆಟಗಾರ, ತರಬೇತುದಾರ ಶ್ರೀ ಅನಂತರಾಜು.' ಇದನ್ನು ಓದಲು ಕನ್ನಡಕವೇ ಬೇಕಿರಲಿಲ್ಲ. ಅನಂತರಾಜು ಓದಿದ, ಮನೆಗೆ ವಾಪಸ್ ಹೋಗಿಬಿಡಲೇ ಎಂದು ಯೋಚಿಸಿದ. ಚೆಲುವಾಂಬ ಹಮೀದಾಳನ್ನೂ ಕರಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಾಗಿತ್ತು.

ವಿಶ್ವವಿದ್ಯಾಲಯದಿಂದ ಕ್ರೀಡಾಧಿಕಾರಿಗಳು ಮುಖ್ಯ ಅತಿಥಿಯಾಗಿ ಬಂದಿದ್ದರು. ಅನಂತರಾಜುವಿನ ಕೈ ಕುಲುಕಿ, "ಯಾವ ವರ್ಷ ಸ್ಟೇಟ್ ಆಡಿದ್ರಿ? ಒಂದೆರಡು ವರ್ಷ ನಾನೂ ಕ್ಯಾಂಪಿನಲ್ಲಿದ್ದೆ. ಮುಖ ನೆನಪಾಗ್ತಿಲ್ಲ," ಎಂದರು. ಅಷ್ಟರಲ್ಲಿ ಬೋರಲಿಂಗಯ್ಯನವರು, "ಈಗ ನಮ್ಮ ಹೆಮ್ಮೆಯ ಅನಂತರಾಜು ಅವರು ಎರಡು ಮಾತಾಡ್ತಾರೆ," ಎಂದು ಮೈಕು ಕೊಟ್ಟರು.

ಎದುರಿಗೆ ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ಶ್ವೇತಳ ಮೊಣಕಾಲಿನ ಗಾಯಕ್ಕೆ ಪಟ್ಟಿ ಹಾಕಿತ್ತು. ಅನಂತರಾಜು ಬಾಯಿ ತೆರೆದ.

"ನಾನು ಯಾವತ್ತೂ ಫುಟ್‌ಬಾಲ್ ಆಡಿಲ್ಲ. ಮೈಸೂರಲ್ಲಿ ಗೋಲ್ ಪೋಸ್ಟಿನ ಮೇಲೆ ಪಂಚೆ ಒಣಗಿಸ್ತಿದ್ದೆ."

ಜನ ಗೊಳ್ಳೆಂದು ನಕ್ಕರು.

"ನನ್ನ ಮಂಡಿಗೆ ಏನೂ ಆಗಿಲ್ಲ, ಯಾವತ್ತೂ ಆಗಿರಲಿಲ್ಲ. ಈ ಮಕ್ಕಳು ಥ್ರೋಬಾಲ್ ಆಡೋರು. ಫಾರಂ ತುಂಬೋವಾಗ ನಾನು ಕನ್ನಡಕ ಹಾಕಿರಲಿಲ್ಲ. ಥ್ರೋಬಾಲ್ ಒತ್ತೋ ಕಡೆ ಫುಟ್‌ಬಾಲ್ ಒತ್ತಿಬಿಟ್ಟೆ. ಇವರ ಕೊನೇ ವರ್ಷದ ಆಟ ನಾನು ಹಾಳು ಮಾಡಿದೆ. ಫುಟ್‌ಬಾಲ್ ಕಲಿಸಿದ್ದು ಅಲ್ಲಿ ಕುರ್ಚಿ ಮೇಲೆ ಕೂತಿರೋ ಸಮೀವುಲ್ಲಾ ಸಾಹೇಬ್ರು. ಚಪ್ಪಾಳೆ ಹೊಡೆಯೋದಾದ್ರೆ ಅವರಿಗೆ ಹೊಡೀರಿ."

ನಗು ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಬ್ಬಿತು. ಕ್ರೀಡಾಧಿಕಾರಿಗಳು ಕಣ್ಣೊರೆಸಿಕೊಂಡರು. "ಎಂಥಾ ವಿನಯ ನೋಡಿ! ದೊಡ್ಡ ಆಟಗಾರರೆಲ್ಲ ಹೀಗೇ." ಬೋರಲಿಂಗಯ್ಯನವರು ಹೆಮ್ಮೆಯಿಂದ ತಲೆ ತೂಗಿದರು. ಎದ್ದು ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ ಸಮೀವುಲ್ಲಾನ ಕಡೆಗೂ ತಿರುಗಿ ತಟ್ಟಿದರು. ಅವನು ಎರಡೂ ಮಂಡಿ ಹಿಡಿದುಕೊಂಡು ಎದ್ದು ನಿಂತು ಸಲಾಮು ಮಾಡಿದ.

ನಗದೇ ಇದ್ದವರು ಹನ್ನೆರಡು ಹುಡುಗಿಯರು. ಶ್ವೇತ ನಡೆದು ಬಂದಳು.

"ಆ ಫಾರಂ ಮಾತು ತಮಾಸೆಗೆ ಹೇಳಿದ್ದಾ ಸಾರ್, ನಿಜಾನಾ?"

"ನಿಜ ಕಣಮ್ಮ."

ಅವಳು ಅವನ ಮುಖವನ್ನೇ ನೋಡಿದಳು. ಈ ಸಲ ಅವನು ಲೇಸು ಕಟ್ಟಲು ಬಗ್ಗಲಿಲ್ಲ.

"ಮ್ಯಾಚು ಮುಗೀಲಿ. ಆಮೇಲೆ ಮಾತಾಡ್ತೀನಿ," ಎಂದು ಹೋದಳು.

ಬಿಡದಿಯವರು ಗಟ್ಟಿ ತಂಡ. ಇಪ್ಪತ್ತನೇ ನಿಮಿಷಕ್ಕೇ ಒಂದು ಗೋಲು ಹೊಡೆದರು. ಆಮೇಲೆ ಅಸ್ರಾ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಒಂದು ಸಲವಂತೂ ಅಡ್ಡಡ್ಡ ಹಾರಿ ಬೆರಳ ತುದಿಯಲ್ಲಿ ತಳ್ಳಿದಳು. "ನಮ್ ಪಕ್ಕದ್ ಬೀದಿ ಹುಡುಗಿ, ನಮ್ ಪಕ್ಕದ್ ಬೀದಿ!" ಎಂದು ಹಮೀದಾ ಯಾರು ಯಾರಿಗೋ ಹೇಳಿದಳು. ಆಟ ಮುಗಿಯಲು ಐದು ನಿಮಿಷವಿರುವಾಗ ಬಿಡದಿಯ ಗೋಲಿನ ಹತ್ತಿರ ಥ್ರೋ-ಇನ್ ಸಿಕ್ಕಿತು. ಸಮೀವುಲ್ಲಾ ಕುರ್ಚಿಯಿಂದ ಕೂಗಿದ, "ಜನರ ಮಧ್ಯಕ್ಕೆ ಹಾಕವ್ವ! ತಗುಲ್ಬೇಕು, ತಗುಲ್ಬೇಕು!" ಅನಂತರಾಜು ನಿಂತಲ್ಲಿಂದ ಅದನ್ನೇ ದೊಡ್ಡ ದನಿಯಲ್ಲಿ ಕೂಗಿದ.

ಶ್ವೇತ ಎಸೆದಳು. ಚೆಂಡು ಬಿಡದಿಯ ಎತ್ತರದ ಹುಡುಗಿಯೊಬ್ಬಳ ತಲೆಗೆ ಸವರಿ, ದಿಕ್ಕು ತಪ್ಪಿ, ಮೂಲೆಯಲ್ಲಿ ಒಳಗೆ ಹೋಯಿತು. ಎಲ್ಲರೂ ರೆಫರಿಯ ಮುಖ ನೋಡಿದರು. ಅದೇ ಕನಕಪುರದ ರೆಫರಿ. ಅವನು ಮೊದಲು ಬೈರಮ್ಮ ಬಂದಿದ್ದಾರೋ ಎಂದು ಸುತ್ತ ನೋಡಿ, ಆಮೇಲೆ ಕೈಯನ್ನು ಮಧ್ಯದ ಗೆರೆಯ ಕಡೆ ಚಾಚಿದ. ಗೋಲು. ಇಡೀ ಸೀಸನ್ನಿನಲ್ಲಿ ಚನ್ನಪಟ್ಟಣದ ಒಂದೇ ಗೋಲು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಚೆಲುವಾಂಬ ಹಮೀದಾಳನ್ನು ಅಪ್ಪಿಕೊಂಡಳು. ಅನಂತರಾಜು ಮೈದಾನದೊಳಗೆ ಓಡಲಿಲ್ಲ, ಸಮೀವುಲ್ಲಾನ ಕುರ್ಚಿಯ ಬೆನ್ನು ಹಿಡಿದು ನಿಂತು ಮೂಗೊರೆಸಿಕೊಂಡ.

ಒಂದು ಒಂದು. ಡ್ರಾ. ಐದು ಕಾಲೇಜುಗಳ ಲೀಗಿನಲ್ಲಿ ಚನ್ನಪಟ್ಟಣಕ್ಕೆ ಒಂದು ಪಾಯಿಂಟು. ಬೋರಲಿಂಗಯ್ಯನವರು ಅಲ್ಲೇ ನಿಂತು ಮುಂದಿನ ಬ್ಯಾನರಿಗೆ ಫೋನಿನಲ್ಲಿ ಬರೆಸಿದರು: 'ವಲಯ ಮಟ್ಟದ ಫುಟ್‌ಬಾಲಿನಲ್ಲಿ ಐದನೇ ಸ್ಥಾನ!' ಎಷ್ಟರಲ್ಲಿ ಐದನೆಯದು ಎಂದು ಬ್ಯಾನರಿನಲ್ಲಿ ಹೇಳುವ ಪದ್ಧತಿಯಿಲ್ಲ.

ಜನ ಕರಗಿದ ಮೇಲೆ ಶ್ವೇತ ಬಂದಳು. ಹಿಂದೆ ಉಳಿದ ಹನ್ನೊಂದು ಜನ. ಅನಂತರಾಜು ಕೈ ಕಟ್ಟಿಕೊಂಡು, ಬೈಸಿಕೊಳ್ಳಲು ತಯಾರಾಗಿ ನಿಂತ.

"ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಬನ್ನಿ ಸಾರ್," ಎಂದಳು. ಅಷ್ಟೇ ಹೇಳಿದಳು.

ಬೆಳಗ್ಗೆ ಹೋದ. ಹನ್ನೆರಡು ಜನರೂ ಇದ್ದರು. ಸಮೀವುಲ್ಲಾ ಕುರ್ಚಿ ತಾನೇ ತಂದು ಹಾಕಿಕೊಂಡಿದ್ದ. ಅಸ್ರಾ ತನ್ನ ಗ್ಲೌಸು ಬಿಚ್ಚಿ ಅನಂತರಾಜುವಿನ ಕೈಗೆ ತೊಡಿಸಿದಳು. ಬೆರಳುಗಳು ಅರ್ಧಕ್ಕೆ ಮಾತ್ರ ಹೋದವು.

"ನಾವೆಲ್ಲ ಮಾತಾಡ್ಕೊಂಡ್ವಿ," ಎಂದಳು ಶ್ವೇತ. "ನಿಮ್ಗೆ ಶಿಕ್ಷೆ. ತಲೆಗೊಂದು ಪೆನಾಲ್ಟಿ. ಗೋಲ್ ಮಧ್ಯ ನಿಂತ್ಕಳಿ."

ಅನಂತರಾಜು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿ ಹೋಗಿ ನಿಂತ. ಮೊದಲನೆಯವಳು ಮಹೀನ್, ಚೆಂಡು ಎಡಕ್ಕೆ ಹೋಯಿತು, ಅವನು ಬಲಕ್ಕೆ ಬಿದ್ದ. ಎರಡನೆಯದಕ್ಕೆ ಎಡಕ್ಕೆ ಬಿದ್ದ, ಚೆಂಡು ಬಲಕ್ಕೆ ಹೋಯಿತು. ನಾಲ್ಕನೆಯದು ಕಾಲ ಸಂದಿಯಿಂದ ಹೋಯಿತು. ಆರನೆಯದು ಹೊರಗೆ ಹೋದರೂ ಅವನು ಬಿದ್ದ. ಪ್ರತಿ ಸಲವೂ ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ಎಂಟನೆಯ ಹೊತ್ತಿಗೆ ಅವನಿಗೂ ನಗು ಬಂತು. ಅಂಗಿ ಮಣ್ಣಾಯಿತು, ಮೀಸೆ ಮಣ್ಣಾಯಿತು, ಬೇಲಿ ಹತ್ತಿರ ವಾಕಿಂಗಿನವರು ಮತ್ತೆ ನೆರೆದರು.

ಹನ್ನೆರಡನೆಯವಳು ಶ್ವೇತ. ಹತ್ತು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಇಡೀ ವರ್ಷದ ಸಿಟ್ಟೆಲ್ಲ ಒಟ್ಟುಮಾಡಿ ಒದ್ದಳು. ಅನಂತರಾಜು ಈ ಸಲ ಎಲ್ಲಿಗೂ ಬೀಳಲಿಲ್ಲ, ಯಾವ ಕಡೆ ಅಂತ ಯೋಚಿಸುತ್ತಾ ಮಧ್ಯದಲ್ಲೇ ನಿಂತಿದ್ದ. ಚೆಂಡು ನೇರ ಬಂದು ಹೊಟ್ಟೆಗೆ ಬಡಿಯಿತು. ಉಸಿರು ಹೊರಗೆ ಹೋಯಿತು, ಅವನು ಅಂಗಾತ ಬಿದ್ದ, ಚೆಂಡು ಪುಟಿದು ಈಚೆ ಬಂತು.

"ಶಾಬಾಶ್!" ಎಂದು ಸಮೀವುಲ್ಲಾ ಕುರ್ಚಿಯ ಕೈ ಬಡಿದ.

"ಹಿಡಿದ್ನಾ?" ಎಂದು ಅನಂತರಾಜು ಮಲಗಿದಲ್ಲಿಂದಲೇ ಕೇಳಿದ.

ಶ್ವೇತ ಆಗಲೇ ಚೆಂಡಿನ ಕಡೆ ಓಡಿ ಬರುತ್ತಿದ್ದಳು. ನಗುತ್ತಲೇ ಕೂಗಿದಳು, "ಏಳಿ ಸಾರ್, ಬೇಗ ಏಳಿ! ಆಟ ಇನ್ನೂ ನಡೀತಾ ಐತೆ!"